ಗೋಡೆ ಬರೆದ ಕೈ

(ತುಮಕೂರಿನಲ್ಲಿ ಗಿರಣಿ ಕೆಲಸಗಾರರೂ ಸಣ್ಣ ವ್ಯಾಪಾರಿಗಳೂ ಸೇರಿದ್ದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)

ವಾರಕ್ಕೆ ಆರು ದಿನ ಗಿರಣಿಯ ಸದ್ದಿನಲ್ಲಿ ನಿಂತು ದುಡಿದವರು, ಬೆಳಗಿನಿಂದ ರಾತ್ರಿಯವರೆಗೆ ಅಂಗಡಿಯ ತಕ್ಕಡಿ ಹಿಡಿದವರು, ಸಿಕ್ಕ ಒಂದು ಭಾನುವಾರದಲ್ಲಿ ಇಲ್ಲಿಗೆ ಬಂದು ಕುಳಿತಿದ್ದೀರಿ. ನಿಮ್ಮ ಮುಂದೆ ನಾವು ಗೋಡೆಯ ಮೇಲಿನ ಚಿತ್ರಗಳ ವಿಷಯ ಮಾತನಾಡಲು ನಿಂತಿದ್ದೇವೆ. ಕೂಲಿಯ ಮಾತಿಲ್ಲ, ಬೆಲೆಯ ಮಾತಿಲ್ಲ, ಗೋಡೆಯ ಚಿತ್ರವಂತೆ! “ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು” ಎಂದು ಹಿಂದಿನ ಸಾಲಿನಲ್ಲಿ ಯಾರೋ ಅಂದದ್ದು ನಮ್ಮ ಕಿವಿಗೂ ಬಿತ್ತು. ಅಂದವರ ಮೇಲೆ ನಮಗೆ ಕೋಪವಿಲ್ಲ. ಮಾತು ಮುಗಿಯುವ ಹೊತ್ತಿಗೆ ಇದೂ ಕೂಲಿಯ ಮಾತೇ ಎಂಬುದು ಅವರಿಗೆ ತಿಳಿದೀತೆಂದು ನಂಬಿದ್ದೇವೆ. ಅಲ್ಲಿಯವರೆಗೆ ಸ್ವಲ್ಪ ತಾಳ್ಮೆ ಬೇಡುತ್ತೇವೆ.

ಅರಮನೆಯ ಚಿತ್ರ ನೋಡಬೇಕಾದರೆ ಟಿಕೇಟು ಕೊಳ್ಳಬೇಕು. ಶ್ರೀಮಂತರ ಮನೆಯ ಚಿತ್ರ ನೋಡಬೇಕಾದರೆ ಅವರು ಬಾಗಿಲು ತೆರೆಯಬೇಕು. ಬೀದಿಯ ಗೋಡೆಗೆ ಟಿಕೇಟೂ ಇಲ್ಲ, ಬಾಗಿಲೂ ಇಲ್ಲ. ಕೆಲಸಕ್ಕೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಅದರ ಮುಂದೆಯೇ ಹಾದುಹೋಗುತ್ತೇವೆ. ಆದರೂ ಅದರ ಮೇಲೆ ಏನಿದೆಯೆಂದು ಕೇಳಿದರೆ ನಮ್ಮಲ್ಲಿ ಅನೇಕರಿಗೆ ಹೇಳಲು ಬಾರದು. ನಮ್ಮನ್ನು ಕೇಳದೆ ಅದರ ಮೇಲೆ ಯಾರೋ ಬರೆಯಿಸುತ್ತಾರೆ; ನಮ್ಮನ್ನು ಕೇಳದೆ ಯಾರೋ ಅಳಿಸುತ್ತಾರೆ. ಆ ಗೋಡೆ ಸರಕಾರದ್ದಾದರೆ ಅದರ ಸುಣ್ಣದಿಂದ ಹಿಡಿದು ಬಣ್ಣದವರೆಗೆ ನಾವು ಕೊಟ್ಟ ತೆರಿಗೆಯ ಹಣವೇ. ಸ್ವಂತ ದುಡ್ಡಿನಿಂದ ಮಾಡಿಸಿದ ವಸ್ತುವನ್ನು ಕಣ್ಣೆತ್ತಿ ನೋಡದಿರುವವರು ನಾವು.

ಹೀಗೆಂದು ನಮಗೇ ನಾಚಿಕೆಯಾಗಿ, ಹೋದ ಚಳಿಗಾಲದಲ್ಲಿ ನಾವು ಐದಾರು ಮಂದಿ ಗೆಳೆಯರು ಒಂದು ನಿರ್ಧಾರ ಮಾಡಿದೆವು. ನಾಲ್ಕು ಭಾನುವಾರ ನಡೆಯುವುದು. ತುಮಕೂರು, ಗುಬ್ಬಿ, ಕುಣಿಗಲ್ಲು ಈ ಮೂರು ಊರುಗಳ ಬೀದಿ ಗೋಡೆಗಳನ್ನು ನೋಡುವುದು. ಅದಕ್ಕೆ ಮೊದಲು ನಮ್ಮ ಜಿಲ್ಲೆಯಲ್ಲಿ ಉಳಿದಿರುವ ಹಳೆಯ ಚಿತ್ರಗಳನ್ನೊಮ್ಮೆ ನೋಡಿ ಬರುವುದು. ಗೈಡು ಬೇಡ, ಕಾರು ಬೇಡ. ಬಸ್ಸಿನ ಚಾರ್ಜು, ಬುತ್ತಿ, ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಇಷ್ಟೇ ನಮ್ಮ ಸಾಮಾನು. ಪ್ರತಿ ಗೋಡೆಯ ಮುಂದೆಯೂ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕೆಂದು ಮಾತಾಯಿತು: ಬರೆಯಿಸಿದವರು ಯಾರು? ಬರೆದವರು ಯಾರು? ಚಿತ್ರದಲ್ಲಿರುವವರು ಯಾರು? ಈಗ ಅದನ್ನು ಕಾಯುತ್ತಿರುವವರು ಯಾರು?

ಮೊದಲನೆಯ ಭಾನುವಾರ ಸೀಬಿಗೆ ಹೋದೆವು. ತುಮಕೂರಿನಿಂದ ಶಿರಾ ಕಡೆಗೆ 20-25 ಕಿಲೋಮೀಟರು ದೂರ, ಹೆದ್ದಾರಿಯ ಮಗ್ಗುಲಲ್ಲೇ ಇರುವ ಊರು. ಅಲ್ಲಿಯ ನರಸಿಂಹಸ್ವಾಮಿಯ ಗುಡಿ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಎಷ್ಟೋ ಮನೆಗಳಿಗೆ ಅದೇ ಮನೆದೇವರು. ಹರಕೆ ತೀರಿಸಿ, ಹಣ್ಣುಕಾಯಿ ಮಾಡಿಸಿ, ಊಟ ಮಾಡಿ ಬರುತ್ತೀರಿ. ಇನ್ನು ಮೇಲೆ ಹೋದಾಗ ದಯವಿಟ್ಟು ಮುಖಮಂಟಪದಲ್ಲಿ ನಿಂತು ತಲೆಯೆತ್ತಿ ನೋಡಿ. ಮೇಲ್ಛಾವಣಿಯ ತುಂಬ ಚಿತ್ರಗಳಿವೆ. ಪುರಾಣದ ಕಥೆಗಳಿವೆ, ಅವುಗಳ ಜೊತೆಗೆ ಆ ಕಾಲದ ದರ್ಬಾರಿನ ದೃಶ್ಯಗಳೂ ಇವೆ. ಎರಡು ನೂರು ವರ್ಷದ ಹಿಂದೆ ನಮ್ಮ ಸೀಮೆಯ ದೊಡ್ಡವರು ಹೇಗೆ ಕೂಡುತ್ತಿದ್ದರು, ಏನು ಉಡುತ್ತಿದ್ದರು ಎಂಬುದನ್ನು ಅಲ್ಲಿ ಕಣ್ಣಾರೆ ನೋಡಬಹುದು.

ಈ ಗುಡಿಗೆ ಒಂದು ಸ್ಥಳಪುರಾಣವಿದೆ. ಅದು ವ್ಯಾಪಾರಿಯ ಕಥೆ. ಎತ್ತಿನ ಮೇಲೆ ಧಾನ್ಯ ಹೇರಿಕೊಂಡು ಹೊರಟ ಒಬ್ಬ ವ್ಯಾಪಾರಿ ಇಲ್ಲಿ ತಂಗಿದನಂತೆ. ಬಂಡೆಯ ಮೇಲೆ ಒಲೆ ಹೂಡಿ ಧಾನ್ಯ ಬೇಯಲಿಟ್ಟಾಗ ಅದು ರಕ್ತದ ಬಣ್ಣಕ್ಕೆ ತಿರುಗಿತಂತೆ. ಆಮೇಲೆ ನರಸಿಂಹ ಕನಸಿನಲ್ಲಿ ಬಂದು, ಇದು ನನ್ನ ನೆಲೆ, ಗುಡಿ ಕಟ್ಟಿಸು ಎಂದನಂತೆ. ಈಗ ನಿಂತಿರುವ ಗುಡಿ ಮಾತ್ರ ದೊಡ್ಡ ಅಧಿಕಾರಸ್ಥರ ಮನೆತನದ್ದು. ಟಿಪ್ಪು ಸುಲ್ತಾನನ ಆಡಳಿತದಲ್ಲಿ ಉನ್ನತ ಹುದ್ದೆಯಲ್ಲಿದ್ದ ಕಚೇರಿ ಕೃಷ್ಣಪ್ಪನ ಮಕ್ಕಳು ಲಕ್ಷ್ಮೀನರಸಪ್ಪ, ಪುಟ್ಟಣ್ಣ, ನಲ್ಲಪ್ಪ ಎಂಬ ಮೂವರು ಅಣ್ಣತಮ್ಮಂದಿರು ಕಟ್ಟಿಸಿದರೆಂದು ಹೇಳುತ್ತಾರೆ. ನೋಡಿ, ನಮ್ಮ ಮೊದಲನೆಯ ಪ್ರಶ್ನೆಗೆ ಉತ್ತರ ಎಷ್ಟು ಚೊಕ್ಕವಾಗಿ ಸಿಕ್ಕಿತು! ಕಟ್ಟಿಸಿದವರ ಹೆಸರು, ಅವರ ತಂದೆಯ ಹೆಸರು, ತಂದೆಯ ಹುದ್ದೆ, ಎಲ್ಲವೂ ಉಳಿದಿದೆ. ಎರಡನೆಯ ಪ್ರಶ್ನೆಗೆ ಬಂದರೆ ಎಲ್ಲರ ಬಾಯಿಯೂ ಕಟ್ಟಿತು. ಸಾರವೆಯ ಮೇಲೆ ಅಂಗಾತ ಮಲಗಿ, ಕಣ್ಣಿಗೆ ಬಣ್ಣ ಸುರಿಸಿಕೊಂಡು, ತಿಂಗಳುಗಟ್ಟಲೆ ಮೇಲ್ಛಾವಣಿ ಬರೆದವರು ಯಾರು? ನಾವು ಕೇಳಿದವರಲ್ಲಿ ಒಬ್ಬರೂ ಹೆಸರು ಹೇಳಲಿಲ್ಲ.

ಆ ಕೆಲಸ ಹೇಗೆ ನಡೆಯುತ್ತಿತ್ತೆಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇವೆ. ನಮ್ಮ ಕಡೆಯ ಹಳೆಯ ಗೋಡೆ ಚಿತ್ರಗಳಿಗೆ ಸಾಮಾನ್ಯವಾಗಿ ಮೊದಲು ಸುಣ್ಣದ ಗಾರೆ ಮೆತ್ತಿ ನುಣುಪು ಮಾಡುತ್ತಿದ್ದರು. ಅದು ಆರಿದ ಮೇಲೆ ಅಂಟು ಬೆರೆಸಿದ ಬಣ್ಣದಿಂದ ಬರೆಯುತ್ತಿದ್ದರು. ಕೆಂಪಿಗೆ ಕೆಮ್ಮಣ್ಣು, ಹಳದಿಗೆ ಹಳದಿ ಮಣ್ಣು, ಕಪ್ಪಿಗೆ ದೀಪದ ಕಾಡಿಗೆ, ಬಿಳುಪಿಗೆ ಸುಣ್ಣ, ನೀಲಿಗೆ ನೀಲಿ ಗಿಡದ ಬಣ್ಣ. ನಮ್ಮ ಹೆಂಗಸರು ಹಬ್ಬಕ್ಕೆ ಗೋಡೆ ಸಾರಿಸುವ ಸಾಮಾನೇ ಬಹುಪಾಲು. ಆದುದರಿಂದಲೇ ಈ ಚಿತ್ರಗಳಿಗೆ ಶತ್ರುಗಳೂ ನಮ್ಮ ಮನೆಯ ಗೋಡೆಯ ಶತ್ರುಗಳೇ. ಛಾವಣಿ ಸೋರಿದರೆ ಗಾರೆ ಉಬ್ಬಿ ಉದುರುತ್ತದೆ. ಎಣ್ಣೆ ದೀಪದ ಹೊಗೆ, ಕರ್ಪೂರದ ಹೊಗೆ ವರ್ಷದ ಮೇಲೆ ವರ್ಷ ಕೂತು ಮಸಿಯಾಗುತ್ತದೆ. ಆ ಮಸಿಯನ್ನು ಭಕ್ತಿಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿದವನು ಮಸಿಯ ಜೊತೆಗೆ ಚಿತ್ರವನ್ನೂ ಒರೆಸಿ ಹಾಕುತ್ತಾನೆ. ಸೀಬಿಯ ಚಿತ್ರಗಳು ಈಗಾಗಲೇ ಎಷ್ಟೋ ಕಡೆ ಮಸುಕಾಗಿವೆ. ನಮ್ಮ ಕೈಯಲ್ಲಿ ಆಗುವ ಸೇವೆ ಸುಲಭವಾದದ್ದು: ಮುಟ್ಟದಿರುವುದು, ಹೆಸರು ಕೆತ್ತದಿರುವುದು, ಸೋರುವುದು ಕಂಡರೆ ಗುಡಿಯವರಿಗೂ ತಹಶೀಲ್ದಾರರಿಗೂ ತಿಳಿಸುವುದು.

ಸುಣ್ಣ ಬಳಿದು ಚಿತ್ರ ಕೊಂದ ಒಂದು ದೊಡ್ಡ ಕಥೆಯೂ ಇದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ಟಿಪ್ಪು 1784ರಲ್ಲಿ ಕಟ್ಟಿಸಿದ. 1780ರ ಪೊಳ್ಳಿಲೂರು ಯುದ್ಧದಲ್ಲಿ ಇಂಗ್ಲಿಷರ ಪಡೆ ಸೋತದ್ದನ್ನು ಅದರ ಗೋಡೆಯ ಮೇಲೆ ಬರೆಯಿಸಿದ. ಆ ಚಿತ್ರ ಮುಂದೆ ಕೆಟ್ಟು ಸುಣ್ಣದಡಿ ಸೇರಿತು. 1855ರಲ್ಲಿ ಮೈಸೂರು ಸೀಮೆಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ಮತ್ತೆ ಬರೆಯಿಸುವಂತೆ ಆಜ್ಞೆ ಮಾಡಿದ. ಹಳೆಯ ಚಿತ್ರ ಹೇಗಿತ್ತೆಂದು ನೆನಪಿದ್ದ ಒಬ್ಬ ದೇಶೀಯ ಕಲಾವಿದ ಆಗ ಇದ್ದನಂತೆ. ಅವನ ನೆನಪಿನಿಂದ ಗೋಡೆ ಮತ್ತೆ ಎದ್ದಿತು. ಸುಲ್ತಾನನ ಹೆಸರು ಶಾಲೆಯ ಹುಡುಗನಿಗೂ ಗೊತ್ತು, ಲಾಟಸಾಹೇಬನ ಹೆಸರೂ ಗೊತ್ತು. ಇಡೀ ಯುದ್ಧವನ್ನು ತಲೆಯೊಳಗೆ ಹೊತ್ತು ತಿರುಗಿದ ಆ ಬಡವನ ಹೆಸರನ್ನು ಅಲ್ಲಿಗೆ ಹೋದವರಿಗೆ ಯಾರೂ ಹೇಳುವುದಿಲ್ಲ.

ಈ ಹಳೆಯ ಪಾಠವನ್ನು ಕಟ್ಟಿಕೊಂಡು ಎರಡನೆಯ ಭಾನುವಾರ ನಮ್ಮ ತುಮಕೂರಿನಲ್ಲೇ ನಡೆದೆವು. ರೈಲು ನಿಲ್ದಾಣದಿಂದ ಹೊರಟು ಬಿ.ಎಚ್. ರಸ್ತೆ ಹಿಡಿದು, ಟೌನ್‌ಹಾಲ್ ವೃತ್ತಕ್ಕೆ ಬಂದು, ಅಶೋಕ ರಸ್ತೆಯಿಂದ ಮಂಡಿಪೇಟೆ ಹೊಕ್ಕು, ಕೊನೆಗೆ ಅಮಾನಿಕೆರೆಯ ಕಡೆಗೆ. ಹೆಜ್ಜೆ ಲೆಕ್ಕದಲ್ಲಿ ಹೆಚ್ಚು ದೂರವೇನಿಲ್ಲ. ನಿಂತು ನಿಂತು ನೋಡಿದ್ದರಿಂದ ಅರ್ಧ ದಿನ ಹಿಡಿಯಿತು.

ಪಟ್ಟಣದ ಗೋಡೆಯೆಂದರೆ ಸರಕಾರದ ಡೈರಿ ಇದ್ದ ಹಾಗೆ. ನಮ್ಮಲ್ಲಿ ವಯಸ್ಸಾದವರು ನೆನಪು ಮಾಡಿಕೊಳ್ಳಿ. 1958ರಲ್ಲಿ ರಾಷ್ಟ್ರೀಯ ಮಲೇರಿಯಾ ನಿರ್ಮೂಲನ ಕಾರ್ಯಕ್ರಮ ಬಂದಿತು, ಡಿ.ಡಿ.ಟಿ. ಹೊಡೆಯುವವರು ಮನೆಮನೆಯ ಗೋಡೆಯ ಮೇಲೆ ತಾರೀಖಿನ ಅಚ್ಚು ಒತ್ತಿ ಹೋದರು. ಆಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬಂದಿತು, ಪಕ್ಕದಲ್ಲಿ ನಗುಮುಖದ ಅಪ್ಪ ಅಮ್ಮ, ಎರಡು ಮಕ್ಕಳು. ಅದರ ಮೇಲೆ ಸಾಕ್ಷರತೆಯ ಸ್ಲೇಟು ಬಳಪ ಬಂದವು. 2016ರಲ್ಲಿ ಸ್ವಚ್ಛ ಸರ್ವೇಕ್ಷಣೆ ಎಂಬ ಊರೂರಿನ ಪೈಪೋಟಿ ಆರಂಭವಾಯಿತು. ಅಂಕ ಬರಲೆಂದು ಪಟ್ಟಣಗಳು ತಮ್ಮ ಗೋಡೆಗಳಿಗೆ ಬಣ್ಣ ಬಳಿಸಲು ಹೊರಟವು. ಕಸದ ಬುಟ್ಟಿ, ಗಿಡ ಮರ, ಪೊರಕೆ ಹಿಡಿದ ಕೈ. ಹೀಗೆ ಒಂದರ ಮೇಲೊಂದು ಪದರ. ಗೋಡೆಯ ಬಣ್ಣ ಒಂದು ಕಡೆ ಚಕ್ಕಳೆ ಎದ್ದಿದ್ದರೆ ಒಳಗಿನ ಹಳೆಯ ಸರಕಾರ ಇಣುಕಿ ನೋಡುತ್ತದೆ.

ಇವುಗಳ ನಡುವೆ ಖಾಸಗಿ ಚಿತ್ರಗಳು ಬೇರೆ. ಸಿಮೆಂಟಿನ ಜಾಹೀರಾತು, ಟ್ಯೂಷನ್ನಿನ ಜಾಹೀರಾತು, ಚುನಾವಣೆಯ ಗುರುತು. ಮೂತ್ರ ಮಾಡುವವರನ್ನು ತಡೆಯಲೆಂದು ಕಾಂಪೌಂಡಿನ ಮೇಲೆ ಬರೆಯಿಸಿದ ದೇವರುಗಳು, ಒಂದೇ ಸಾಲಿನಲ್ಲಿ ಗಣಪತಿ, ಏಸು, ಮಸೀದಿಯ ಗುಮ್ಮಟ. ಎಲ್ಲ ಮತದವರೂ ಸೇರಿ ಒಂದು ಗೋಡೆ ಕಾಯುವ ಕೆಲಸ ಇನ್ನೆಲ್ಲಿ ನಡೆಯುತ್ತದೆ ಹೇಳಿ!

ಮೂರನೆಯ ಪ್ರಶ್ನೆಯನ್ನು ತುಮಕೂರಿನಲ್ಲಿ ಕೇಳಿಕೊಂಡೆವು: ಚಿತ್ರದಲ್ಲಿರುವವರು ಯಾರು? ದೇವರು, ನಾಯಕರು, ಹುಲಿ, ನವಿಲು ಇದ್ದಾರೆ. ಮಂಡಿಪೇಟೆಯಲ್ಲಿ ಮೂಟೆ ಹೊರುವ ಹಮಾಲಿಯ ಚಿತ್ರ ನಮಗೆ ಒಂದು ಕಡೆಯೂ ಕಾಣಲಿಲ್ಲ. ಎಚ್.ಎಂ.ಟಿ. ಗಡಿಯಾರ ನಮ್ಮೂರಿನಲ್ಲಿ ತಯಾರಾಗುತ್ತಿತ್ತು. ಇಡೀ ದೇಶ ಅದರ ಗಂಟೆ ನೋಡಿ ಕೆಲಸಕ್ಕೆ ಹೋಯಿತು. 2016ರಲ್ಲಿ ಕೇಂದ್ರ ಸರಕಾರ ಆ ಗಡಿಯಾರದ ಕಂಪನಿಯನ್ನೇ ಮುಚ್ಚಲು ತೀರ್ಮಾನಿಸಿತು. ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಮುಳ್ಳು ಜೋಡಿಸಿದ ಕೆಲಸಗಾರ, ಕೆಲಸಗಾರ್ತಿಯರ ಒಂದು ಚಿತ್ರ ನಾವು ನಡೆದ ಯಾವ ಬೀದಿಯಲ್ಲೂ ಇಲ್ಲ.

ಇನ್ನು ಬೋರ್ಡುಗಳ ಮಾತು. 2014ರ ನವೆಂಬರ್ 1ರಂದು ‘ತುಮಕೂರು’ ಎಂಬ ಕನ್ನಡದ ರೂಪವೇ ಅಧಿಕೃತವಾಯಿತು. ಊರ ಹೆಸರು ಬದಲಾದರೆ ಬೋರ್ಡು ಬರೆಯುವವರಿಗೆ ಹಿಂದಿನ ಕಾಲದಲ್ಲಿ ಸುಗ್ಗಿ. ಈ ಸಲ ಆ ಸುಗ್ಗಿಯ ದೊಡ್ಡ ಪಾಲು ಫ್ಲೆಕ್ಸ್ ಯಂತ್ರಕ್ಕೆ ಹೋಯಿತು. 2000ದ ನಂತರ ಈ ಯಂತ್ರ ಜಿಲ್ಲಾ ಪಟ್ಟಣಗಳಿಗೂ ಬಂದು ಕೂತಿತು. ಒಬ್ಬ ಮನುಷ್ಯ ನಾಲ್ಕು ದಿನ ಬರೆಯುವ ಬೋರ್ಡು ಕಾಲು ಗಂಟೆಯಲ್ಲಿ ಉರುಳಿ ಬೀಳುತ್ತದೆ. ಗೋಡೆ, ಬೋರ್ಡು, ಸಿನಿಮಾ ಕಟೌಟು ಎಂದು ಮೂರು ಕಡೆಯಿಂದ ಅನ್ನ ಸಂಪಾದಿಸುತ್ತಿದ್ದ ಪೇಂಟರುಗಳ ಸಂಸಾರಗಳು ಹತ್ತು ವರ್ಷದೊಳಗೆ ಚದುರಿದವು.

ಕಾನೂನುಗಳಿಗೇನೂ ಕೊರತೆಯಿಲ್ಲ. ಸಾರ್ವಜನಿಕ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯಲು ನಮ್ಮ ರಾಜ್ಯದಲ್ಲಿ 1981ರ ಕಾನೂನಿದೆ. 2016ರ ಮಾರ್ಚಿಯಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಸಾಮಾನುಗಳ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. 2022ರ ಜುಲೈ 1ರಿಂದ 100 ಮೈಕ್ರಾನಿಗಿಂತ ತೆಳುವಾದ ಪಿ.ವಿ.ಸಿ. ಬ್ಯಾನರುಗಳಿಗೆ ದೇಶದಾದ್ಯಂತ ನಿಷೇಧ ಬಂದಿತು. ನಿಷೇಧ ಮಾಡಿದವರ ಹುಟ್ಟುಹಬ್ಬದ ದಿನವೇ ಟೌನ್‌ಹಾಲ್ ವೃತ್ತದಲ್ಲಿ ನಿಂತು ನೋಡಿದರೆ ಕಾನೂನಿನ ಗತಿ ಗೊತ್ತಾಗುತ್ತದೆ. ಬೆಂಗಳೂರಿನ ಒಂದು ಉದಾಹರಣೆ ಮಾತ್ರ ಒಪ್ಪುವಂಥದು. 2009ರಲ್ಲಿ ಅಲ್ಲಿಯ ಮಹಾನಗರ ಪಾಲಿಕೆ, ಕೆಲಸ ಕಳೆದುಕೊಂಡಿದ್ದ ಸಿನಿಮಾ ಬೋರ್ಡಿನ ಕಲಾವಿದರನ್ನು ಕರೆದು ರಸ್ತೆಬದಿಯ ಗೋಡೆಗಳ ಮೇಲೆ ಚಿತ್ರ ಬರೆಯಿಸಿತು. ಪೋಸ್ಟರು ಅಂಟಿಸುವುದೂ ಕಡಿಮೆಯಾಗಲಿ, ಕೈಗೂ ಕೆಲಸ ಸಿಗಲಿ ಎಂಬುದು ಆ ಯೋಚನೆ.

ಆ ದಿನದ ನಡಿಗೆ ಅಮಾನಿಕೆರೆಯ ಬಳಿ, ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರದ ಮುಂದೆ ಮುಗಿಯಿತು. ಆ ಹೆಸರೇ ನಮ್ಮನ್ನು ಮುಂದಿನ ಭಾನುವಾರ ಗುಬ್ಬಿಗೆ ಕರೆದುಕೊಂಡು ಹೋಯಿತೆನ್ನಬೇಕು.

ಗುಬ್ಬಿಗೆ ಪ್ಯಾಸೆಂಜರು ರೈಲಿನಲ್ಲಿ ಹೋದೆವು. ಸುಮಾರು 20 ಕಿಲೋಮೀಟರು. ಅಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಗೆ 1884 ಹುಟ್ಟಿದ ವರ್ಷ. 1891ರಲ್ಲಿ ಹುಟ್ಟಿ 1972ರಲ್ಲಿ ತೀರಿಕೊಂಡ ವೀರಣ್ಣನವರು ಅದನ್ನು ನಾಡಿನ ಮೂಲೆಮೂಲೆಗೆ ಒಯ್ದರು. ರಾಜಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ.ವಿ. ಅಯ್ಯರ್, ಬಿ.ವಿ. ಕಾರಂತ, ಇವರೆಲ್ಲ ಆ ಕಂಪನಿಯ ಅನ್ನ ಉಂಡವರೇ. ಗೋಡೆಯ ಚಿತ್ರಕ್ಕೂ ನಾಟಕಕ್ಕೂ ಏನು ಸಂಬಂಧವೆಂದು ಕೇಳುತ್ತೀರೇನೊ. ಹೇಳುತ್ತೇವೆ. ಕಂಪನಿ ನಾಟಕವೆಂದರೆ ಪರದೆ. ಬೀದಿಯ ಪರದೆ, ದರ್ಬಾರಿನ ಪರದೆ, ಕಾಡಿನ ಪರದೆ, ಉದ್ಯಾನದ ಪರದೆ. ಬಟ್ಟೆಯ ಮೇಲೆ ಬರೆದು, ಉರುಳೆಗೆ ಸುತ್ತಿ, ರಾಟೆ ಹಗ್ಗದಿಂದ ಎಳೆದರೆ ಕಣ್ಣ ಮುಂದೆ ಕಾಡು ಹೋಗಿ ಅರಮನೆ ಬರುತ್ತಿತ್ತು. ಸುತ್ತಿ ಗಾಡಿಗೆ ಹಾಕಿದರೆ ಊರಿಂದೂರಿಗೆ ಹೋಗುವ ಗೋಡೆ ಅದು. ಅರಮನೆಯೊಳಗೆ ಎಂದೂ ಕಾಲಿಡದ ಬಡವನು ನೆಲದ ಮೇಲೆ ಕೂತು, ಕಾಲಾಣೆ ಅರ್ಧಾಣೆ ಕೊಟ್ಟು, ಅರಮನೆಯ ಕಂಬಗಳನ್ನು ನೋಡಿದ್ದು ಆ ಪರದೆಯ ಮೇಲೆ. ನಟನಟಿಯರ ಹೆಸರು ನಮಗೆ ನಾಲಿಗೆಯ ತುದಿಯಲ್ಲಿದೆ. ಪರದೆ ಬರೆದವರಲ್ಲಿ ಇಬ್ಬರ ಹೆಸರು ಹೇಳಿ ಎಂದರೆ ಇಲ್ಲಿ ಎಷ್ಟು ಕೈ ಮೇಲೇಳುತ್ತದೆ?

ಗುಬ್ಬಿಯಲ್ಲಿ ನಮಗೊಬ್ಬ ಯಜಮಾನರು ಸಿಕ್ಕಿದರು. ಎಪ್ಪತ್ತು ದಾಟಿದ ವಯಸ್ಸು. ಹುಡುಗನಾಗಿದ್ದಾಗ ಯಾವುದೋ ಕಂಪನಿಯ ಪರದೆ ಬರೆಯುವವರಿಗೆ ಬಣ್ಣದ ಡಬ್ಬಿ ಹಿಡಿದುಕೊಂಡು ಕಲಿತವರು. ಆಮೇಲೆ ಸಿನಿಮಾ ಬೋರ್ಡು, ಅಂಗಡಿ ಬೋರ್ಡು, ಲಾರಿಯ ಹಿಂಬದಿ, ಚುನಾವಣೆಯ ಗೋಡೆ, ಎಲ್ಲ ಬರೆದರು. ನಾವು ಗೋಡೆಗೆ ಮೂಗು ತಾಗಿಸಿಕೊಂಡು ನೋಡುತ್ತಿದ್ದುದನ್ನು ಕಂಡು ನಕ್ಕರು. “ಹಂಗೆ ನೋಡಿದ್ರೆ ಬರೀ ಬಣ್ಣ ಕಾಣ್ತದೆ ಸ್ವಾಮಿ. ರಸ್ತೆ ದಾಟಿ ಆ ಕಟ್ಟೆ ಮೇಲೆ ಕೂತ್ಕಂಡು ನೋಡಿ. ಅಲ್ಲಿಂದ ನೋಡೋರಿಗೆ ಅಂತಾನೇ ಬರಿಯೋದು” ಎಂದರು. ಹಾಗೆಯೇ ಕೂತೆವು. ಟೀ ತರಿಸಿದೆವು.

ಚೌಕ ಎಳೆದು ಸಣ್ಣ ಚಿತ್ರವನ್ನು ದೊಡ್ಡದು ಮಾಡುವುದು ಹೇಗೆ, ಸೀಮೆಸುಣ್ಣ ಹಚ್ಚಿದ ದಾರವನ್ನು ಇಬ್ಬರು ಹಿಡಿದು ಚಟ್ಟೆಂದು ಬಿಟ್ಟು ನೇರ ಗೆರೆ ಹೊಡೆಯುವುದು ಹೇಗೆ, ಹಸಿ ಗೋಡೆಯ ಮೇಲೆ ಎನಾಮಲ್ಲು ಏಕೆ ನಿಲ್ಲುವುದಿಲ್ಲ, ಎಲ್ಲವನ್ನೂ ವಿವರಿಸಿದರು. ಕೆಲವು ವರ್ಷದ ಹಿಂದೆ ಒಂದು ಕಚೇರಿಯವರು ಅವರನ್ನು ಕರೆದು ಶಾಲೆಯ ಉದ್ದನೆಯ ಗೋಡೆ ಬರೆಯಿಸಿದರಂತೆ. ಕಚೇರಿಯ ಹೆಸರು ಇಲ್ಲಿ ಬೇಡ. ಹದಿನೈದು ದಿನ ಬಿಸಿಲಿನಲ್ಲಿ ನಿಂತು ಬರೆದರು. ಅರ್ಧ ದುಡ್ಡು ಬಂತು, ಉಳಿದರ್ಧಕ್ಕೆ ಅಲೆದಾಟವಾಯಿತು. ಅಷ್ಟರಲ್ಲಿ ಅಧಿಕಾರಿ ಬದಲಾದರು. ಹೊಸಬರು, ಈ ಗೋಡೆ ನೀವೇ ಬರೆದದ್ದೆಂಬುದಕ್ಕೆ ಏನು ದಾಖಲೆ ಎಂದು ಕೇಳಿದರು.

“ಮೂಲೇಲಿ ಹೆಸರು ಬರೀತೀನಿ ಅಂದಿದ್ದೆ ಸ್ವಾಮಿ, ಬೇಡ ಅಂದಿದ್ರು. ಬರೆದಿದ್ರೆ ಅದೇ ಸಾಕ್ಷಿ ಆಗ್ತಿತ್ತು” ಎಂದರು ಯಜಮಾನರು. ಮುಂದಿನ ವರ್ಷ ಗೋಡೆಗೆ ಬೇರೆ ಬಣ್ಣ ಬಳಿದರು. ಸಾಕ್ಷಿ ಹೋಗಲಿ, ಕೆಲಸವೇ ಹೋಯಿತು.

ಬಂಧುಗಳೆ, ಅಲ್ಲಿಯವರೆಗೆ ನಾವು ಕಲಾವಿದನ ಹೆಸರೆಂದರೆ ಕೀರ್ತಿಯ ವಿಷಯವೆಂದು ತಿಳಿದಿದ್ದೆವು. ಗೋಡೆಯ ಮೂಲೆಯಲ್ಲಿ ಬರೆದ ಹೆಸರು ಕೂಲಿಯ ಚೀಟಿಯೆಂಬುದು ಆ ಕಟ್ಟೆಯ ಮೇಲೆ ನಮಗೆ ಅರ್ಥವಾಯಿತು. ಗಿರಣಿಯಲ್ಲಿ ಹಾಜರಿ ಪುಸ್ತಕಕ್ಕಾಗಿ, ಕೂಲಿ ಚೀಟಿಗಾಗಿ ನಮ್ಮ ಹಿರಿಯರು ಏಕೆ ಜಗಳವಾಡಿದರು? ಹೆಸರಿಲ್ಲದ ಕೆಲಸಕ್ಕೆ ಸಂಬಳ ಕೇಳುವ ಬಾಯಿಯೂ ಇರುವುದಿಲ್ಲವೆಂದೇ. ಹಿಂದಿನ ಸಾಲಿನಲ್ಲಿ ಗಾದೆ ಹೇಳಿದ ಗೆಳೆಯರು ಈ ಮಾತನ್ನು ಒಪ್ಪುತ್ತಾರೆಂದು ಭಾವಿಸುತ್ತೇವೆ.

ನಾಲ್ಕನೆಯ ಭಾನುವಾರ ಕುಣಿಗಲ್ಲಿನ ಬಸ್ಸು ಹತ್ತಿ ಗೂಳೂರಿನಲ್ಲಿ ಇಳಿದೆವು. ವರ್ಷವರ್ಷವೂ ಊರ ಕೆರೆಯ ಮಣ್ಣಿನಿಂದ ಬೃಹತ್ ಗಣಪತಿಯನ್ನು ಮಾಡಿ, ಪೂಜಿಸಿ, ಮತ್ತೆ ನೀರಿಗೇ ಕೊಡುವ ಊರು ಅದು. ಪಕ್ಕದಲ್ಲಿ ಕೈದಾಳ. ಅಲ್ಲಿಯ ಚೆನ್ನಕೇಶವ ಗುಡಿಯ ಕಥೆ ನಿಮಗೆ ಅಜ್ಜಿಯ ಬಾಯಿಂದಲೇ ಬಂದಿರುತ್ತದೆ. ಜಕಣಾಚಾರಿಯ ವಿಗ್ರಹದಲ್ಲಿ ದೋಷವಿದೆಯೆಂದು ಒಬ್ಬ ಹುಡುಗ ತೋರಿಸಿದ, ಕಲ್ಲಿನೊಳಗೆ ಕಪ್ಪೆಯಿತ್ತು, ಶಿಲ್ಪಿ ಮಾತಿಗೆ ತಪ್ಪದೆ ತನ್ನ ಬಲಗೈ ಕಡಿದುಕೊಂಡ, ಆ ಹುಡುಗನೇ ತನ್ನ ಮಗ ಡಂಕಣನೆಂದು ಆಮೇಲೆ ತಿಳಿಯಿತು, ಇಲ್ಲಿ ಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬಂದಿತು, ಆದುದರಿಂದ ಊರು ಕೈದಾಳವಾಯಿತು. ಶಾಸನದ ಪ್ರಕಾರ ಈ ಗುಡಿಯನ್ನು ಸುಮಾರು 1150ರಲ್ಲಿ ಕಟ್ಟಿಸಿದವನು ಬಾಚಿ ಎಂಬ ನಾಯಕ. ಜಕಣಾಚಾರಿ ಎಂಬುವನು ನಿಜವಾಗಿ ಇದ್ದನೇ ಎಂದು ಇತಿಹಾಸಕಾರರು ಅನುಮಾನ ಪಡುತ್ತಾರೆ. ಪಡಲಿ. ಕಟ್ಟಿಸಿದ ನಾಯಕನ ಹೆಸರು ಕಲ್ಲಿನ ಮೇಲಿದ್ದರೂ ಜನ ಮರೆತರು. ಕೆತ್ತಿದವನಿಗೆ ಹೆಸರಿಲ್ಲದಿದ್ದರೆ ತಾವೇ ಒಂದು ಹೆಸರು ಕೊಟ್ಟು, ಒಂದು ಮಗನನ್ನೂ ಕೊಟ್ಟು, ಕಡಿದ ಕೈಯನ್ನೂ ಮರಳಿ ಕೊಟ್ಟರು. ಅಕ್ಷರ ಬಾರದ ನಮ್ಮ ಜನಕ್ಕೆ ನ್ಯಾಯವೆಂದರೇನೆಂದು ಚೆನ್ನಾಗಿ ತಿಳಿದಿತ್ತು.

ಹೆಬ್ಬೂರಿನ ಮೇಲೆ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ಗ್ರಾಮ ಪಂಚಾಯಿತಿಗಳ ಗೋಡೆ ನೋಡುತ್ತ ಹೋದೆವು. 2005ರ ಉದ್ಯೋಗ ಖಾತರಿ ಕಾನೂನು ಬಂದ ಮೇಲೆ, ಕೆಲಸ ಮಾಡಿದವರ ಹೆಸರು, ದಿನ, ಕೂಲಿ ಇವುಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಿಸಬೇಕೆಂಬ ನಿಯಮವೂ ಬಂದಿತ್ತು. ಅಂದವಿಲ್ಲದ ಗೋಡೆ ಅದು. ಬರೀ ಹೆಸರು, ಬರೀ ಅಂಕಿ. ಆದರೆ ಸುಳ್ಳು ಹೆಸರು ಬರೆದರೆ ಊರಿನವರು ಗುರುತಿಸುತ್ತಾರೆ. ನಾಲ್ಕು ಜನ ಓದುವ ಕಡೆ ಲೆಕ್ಕ ಬರೆಯುವುದು ಎಷ್ಟು ದೊಡ್ಡ ಕಾವಲು ಎಂಬುದನ್ನು ಮಂಡಿಯ ವ್ಯಾಪಾರಿಗಳಿಗೆ ನಾವು ಹೇಳಬೇಕಾಗಿಲ್ಲ.

ಕುಣಿಗಲ್ಲು ಕೆರೆಯ ಊರು. ಆ ಕೆರೆಯ ಮೇಲಿನ ಜನಪದ ಹಾಡನ್ನು ಕೇಳದ ಕನ್ನಡಿಗನಿಲ್ಲ. ಕುದುರೆಯ ಊರೂ ಹೌದು. ಅಲ್ಲಿಯ ಕುದುರೆ ಫಾರಂ ಟಿಪ್ಪುವಿನ ಕಾಲದಿಂದ ಹೆಸರಾದದ್ದು. ಕೆರೆ ಏರಿಯ ಮೇಲೆ ನಿಂತು ನಾವು ನಾಲ್ವರು ವಾದಕ್ಕಿಳಿದೆವು: ಈ ಊರ ಗೋಡೆಗಳ ಮೇಲೆ ಏನು ಬರೆಯಬೇಕು? ಕುದುರೆ ಬರೆಯಬಹುದು, ಚೆನ್ನಾಗಿಯೂ ಕಾಣುತ್ತದೆ. ಕುದುರೆಯ ಮೈ ತಿಕ್ಕುವವನನ್ನು ಬರೆಯಬಾರದೆ? ಕೆರೆ ಬರೆಯಬಹುದು. ಕೆರೆಗೆ ಮಣ್ಣು ಹೊತ್ತವರನ್ನು, ತೂಬು ಎತ್ತುವ ನೀರುಗಂಟಿಯನ್ನು ಬರೆಯಬಾರದೆ?

ಇದು ಹೊಸ ಮಾತೇನಲ್ಲ. 1938ರಲ್ಲಿ ಗುಜರಾತಿನ ಹರಿಪುರದಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಗಾಂಧೀಜಿಯವರ ಮಾತಿನಂತೆ ನಂದಲಾಲ್ ಬೋಸರು ದಾರಿಯಲ್ಲಿ ಹೋಗುವವರಿಗೆ ಕಾಣುವಂತೆ ಚಿತ್ರಗಳನ್ನು ಬರೆದು ತೂಗಿಸಿದರು. ಅವುಗಳಲ್ಲಿ ರಾಜರಿರಲಿಲ್ಲ, ಮೋಚಿ, ಬಡಗಿ, ಡೋಲು ಬಡಿಯುವವನು, ಮನೆಗೆಲಸದ ಹೆಂಗಸು ಇದ್ದರು. ದೂರದ ಮೆಕ್ಸಿಕೊ ದೇಶದಲ್ಲಿ ಕ್ರಾಂತಿಯ ತರುವಾಯ ದಿಯೆಗೊ ರಿವೆರಾ ಎಂಬ ಕಲಾವಿದ 1923ರಿಂದ 1928ರವರೆಗೆ ವಿದ್ಯಾಇಲಾಖೆಯ ಕಟ್ಟಡದ ಗೋಡೆಗಳ ಮೇಲೆ ನೇಕಾರರು, ಬಟ್ಟೆಗೆ ಬಣ್ಣ ಹಾಕುವವರು, ಗಣಿ ಕೆಲಸಗಾರರು ಇವರನ್ನೆಲ್ಲ ಬರೆದ. ಅದೇ ರಿವೆರಾ ನ್ಯೂಯಾರ್ಕಿನಲ್ಲಿ ರಾಕ್‌ಫೆಲರ್ ಎಂಬ ಕುಬೇರರ ಕಟ್ಟಡದ ಗೋಡೆ ಬರೆಯುವಾಗ ಅದರೊಳಗೆ ಲೆನಿನ್ನನ ಮುಖ ಸೇರಿಸಿದ. 1933ರಲ್ಲಿ ಕೆಲಸ ನಿಲ್ಲಿಸಿದರು, 1934ರ ಫೆಬ್ರವರಿಯಲ್ಲಿ ಚಿತ್ರವನ್ನೇ ಕೆತ್ತಿ ಉದುರಿಸಿದರು. ಅವನು ತನ್ನ ದೇಶಕ್ಕೆ ಹೋಗಿ ಅದನ್ನೇ ಮತ್ತೆ ಬರೆದ. ಗೋಡೆಯ ಚಿತ್ರವೆಂದರೆ ಬರೀ ಅಲಂಕಾರವಾಗಿದ್ದರೆ ಕುಬೇರರು ಉಳಿ ಸುತ್ತಿಗೆ ತರಿಸುತ್ತಿದ್ದರೇ?

ಈಗ ಇಲ್ಲಿ ಕೂತಿರುವ ವ್ಯಾಪಾರಿ ಬಂಧುಗಳು ಒಂದು ಮಾತು ಕೇಳಬಹುದು: “ಫ್ಲೆಕ್ಸ್ ಅಗ್ಗ, ನಮ್ಮ ಜೇಬು ನೋಡಿಕೊಳ್ಳಬೇಡವೆ? ಫ್ಲೆಕ್ಸ್ ಹಾಕಿಕೊಡುವವನೂ ನಮ್ಮ ಹಾಗೆ ಸಣ್ಣ ಅಂಗಡಿಯವನೇ ಅಲ್ಲವೆ?” ನಿಜ. ಅವನ ಅಂಗಡಿಗೆ ಕಲ್ಲು ಹೊಡೆಯಿರಿ ಎಂದು ನಾವು ಹೇಳುವುದಿಲ್ಲ. ಯಂತ್ರವನ್ನು ಬೈದು ಯಾವ ಕೆಲಸಗಾರನೂ ಉಳಿದಿಲ್ಲ. ನಿಮ್ಮನ್ನು ಕೇಳಿಕೊಳ್ಳುವುದಿಷ್ಟೇ: ಹರಿದ ಫ್ಲೆಕ್ಸನ್ನು ಮತ್ತೆ ಮತ್ತೆ ಹಾಕಿಸುವ ಖರ್ಚನ್ನೂ, ತಗಡಿನ ಮೇಲೆ ಕೈಯಿಂದ ಒಮ್ಮೆ ಬರೆಯಿಸಿದ ಬೋರ್ಡಿನ ಆಯುಸ್ಸನ್ನೂ ಎದುರುಬದುರಾಗಿ ಇಟ್ಟು ಒಮ್ಮೆ ಲೆಕ್ಕ ಹಾಕಿ ನೋಡಿ. ಲೆಕ್ಕ ಸರಿಹೋದರೆ ಬರೆಯಿಸಿ.

ಆದರೆ ಸಾರ್ವಜನಿಕ ಗೋಡೆಯ ವಿಷಯದಲ್ಲಿ ನಾವು ಕೇಳುವುದು ದಯೆಯಲ್ಲ. ತುಮಕೂರಿನ ಮಹಾನಗರ ಪಾಲಿಕೆ, ಕುಣಿಗಲ್ಲಿನ ಪುರಸಭೆ, ಗುಬ್ಬಿಯ ಪಟ್ಟಣ ಪಂಚಾಯಿತಿ ಈ ಮೂರರ ಮುಂದೆಯೂ ಮೂರು ಬೇಡಿಕೆ ಇಡಬೇಕೆಂದು ನಮ್ಮ ಸಲಹೆ. ಸರಕಾರದ ಹಣದಿಂದ ಬರೆಯಿಸಿದ ಪ್ರತಿಯೊಂದು ಗೋಡೆಯ ಮೂಲೆಯಲ್ಲಿ ಒಂದು ಅಡಿ ಚೌಕದೊಳಗೆ ಬರೆದವರ ಹೆಸರು, ವರ್ಷ, ಮಂಜೂರಾದ ಹಣ ಇಷ್ಟನ್ನೂ ಬರೆಯತಕ್ಕದ್ದು. ಕೂಲಿ ಪೂರ್ತಿ ತೀರುವವರೆಗೆ ಗೋಡೆಗೆ ಬೇರೆ ಬಣ್ಣ ಬಳಿಯಕೂಡದು. ಹಳೆಯ ಚಿತ್ರ ಅಳಿಸುವ ಮೊದಲು ಆ ಬೀದಿಯವರನ್ನು ಕೇಳತಕ್ಕದ್ದು. ಎಷ್ಟು ಹಣ ಯಾರಿಗೆ ಹೋಯಿತೆಂದು ತಿಳಿಯಬೇಕಾದರೆ 2005ರ ಮಾಹಿತಿ ಹಕ್ಕಿನ ಕಾನೂನಿದೆ. ಹತ್ತು ರೂಪಾಯಿ ಶುಲ್ಕ, ಒಂದು ಹಾಳೆ ಅರ್ಜಿ. ನೋಟುಪುಸ್ತಕದಲ್ಲಿ ಗೋಡೆಯ ಜಾಗ, ನೋಡಿದ ತಾರೀಖು ಬರೆದುಕೊಂಡಿದ್ದರೆ ಅರ್ಜಿ ಬರೆಯುವುದು ಸುಲಭ. ನಡಿಗೆಯ ಉಪಯೋಗವೇ ಅದು.

ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ತುಮಕೂರು ರೈಲು ನಿಲ್ದಾಣದ ಮುಂದೆ ಮತ್ತೆ ಸೇರುತ್ತೇವೆ. ಮಕ್ಕಳನ್ನೂ ಕರೆತನ್ನಿ, ಹೆಂಗಸರೂ ಬರಲಿ. ಬುತ್ತಿ ನಿಮ್ಮದು, ಪೆನ್ಸಿಲು ನಮ್ಮದು. ಗುಬ್ಬಿಯ ಯಜಮಾನರು ಮೊದಲ ಗಾಡಿಗೇ ಬರುತ್ತೇನೆಂದು ಹೇಳಿದ್ದಾರೆ. ಯಾವ ಗೋಡೆಯನ್ನು ಯಾವ ಕಟ್ಟೆಯ ಮೇಲೆ ಕೂತು ನೋಡಬೇಕೆಂಬುದನ್ನು ಅವರೇ ತೋರಿಸುತ್ತಾರೆ. ಅವರಿಗೆ ಬರಬೇಕಾದ ಉಳಿದ ಹಣದ ಅರ್ಜಿಯನ್ನು ಅಂದೇ ಬರೆಯೋಣ. ಆ ಗೋಡೆಯ ಮುಂದೆ ದಿನವೂ ಹಾದುಹೋದವರ ಸಹಿ ಅದಕ್ಕೆ ಬೇಕು. ನಿಮ್ಮಲ್ಲಿ ಗುಬ್ಬಿಯವರು ಯಾರಿದ್ದೀರೊ, ದಯವಿಟ್ಟು ಸಭೆ ಮುಗಿದ ಮೇಲೆ ಒಂದು ನಿಮಿಷ ನಿಲ್ಲಿ.